ಸವೆದ ಅಂಚು, ಕೊರೆದ ತಳ

ಮಿಂಬ್ರೆಸ್ ಬಟ್ಟಲುಗಳ ಚಿತ್ರ ನೋಡಿದವರು ಮೊದಲು ಕೇಳುವ ಪ್ರಶ್ನೆ ಒಂದೇ: ಇಷ್ಟು ಚೆಂದದ ಬಟ್ಟಲಿಗೆ ನಟ್ಟನಡುವೆ ತೂತು ಯಾಕೆ?

ಅಮೆರಿಕದ ಇಂದಿನ ನ್ಯೂ ಮೆಕ್ಸಿಕೊದ ನೈಋತ್ಯ ಮೂಲೆಯಲ್ಲಿ, ಸುಮಾರು ಕ್ರಿ.ಶ. 1000ರಿಂದ 1130ರವರೆಗೆ, ಮಿಂಬ್ರೆಸ್ ಕಣಿವೆಯ ಜನ ಈ ಬಟ್ಟಲುಗಳನ್ನು ಮಾಡಿದರು. ಒಳಮೈಗೆ ಬಿಳಿ ಲೇಪ, ಅದರ ಮೇಲೆ ಕಪ್ಪು ಗೆರೆಗಳಲ್ಲಿ ಮೊಲ, ಮೀನು, ಮಿಡತೆ, ಬಾವಲಿ, ಬೇಟೆಗಾರ. ಕೂದಲೆಳೆಯಂಥ ಗೆರೆಗಳು ಒಂದರ ಪಕ್ಕ ಒಂದು, ಎಲ್ಲೂ ಒಂದಕ್ಕೊಂದು ತಾಗದೆ ಓಡುತ್ತವೆ. ಸತ್ತವರನ್ನು ಹೆಚ್ಚಾಗಿ ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಹೂಳುವಾಗ ಬಟ್ಟಲೊಂದನ್ನು ತಲೆಯ ಮೇಲೆ ಕವುಚಿಡುತ್ತಿದ್ದರು. ಕವುಚುವ ಮೊದಲು ತಳಕ್ಕೊಂದು ಏಟು ಹಾಕಿ ತೂತು ಮಾಡುತ್ತಿದ್ದರು. ಮೊಲದ ಹೊಟ್ಟೆ ಹಾರಿಹೋದರೂ ಸರಿ, ಮೀನಿನ ಬೆನ್ನು ಹೋದರೂ ಸರಿ. ಪುರಾತತ್ವಜ್ಞರು ಇದನ್ನು ಬಟ್ಟಲನ್ನು 'ಕೊಲ್ಲುವುದು' ಎಂದೇ ಕರೆಯುತ್ತಾರೆ.

ನನ್ನ ಗಮನ ಹಿಡಿದು ನಿಲ್ಲಿಸಿದ್ದು ತೂತಲ್ಲ, ತೂತಿನ ಸುತ್ತಲಿನ ಜಾಗ. ಗೋರಿಗಳಲ್ಲಿ ಸಿಕ್ಕ ಇಂಥ ಬಟ್ಟಲುಗಳಲ್ಲಿ ಎಷ್ಟೋ ಒಳಗೆ ಗೀಚಿಹೋಗಿವೆ, ಅಂಚು ಸವೆದಿವೆ. ಅಂದರೆ ಅವು ಸಾವಿಗೆಂದೇ ಮಾಡಿಸಿ ಎತ್ತಿಟ್ಟ ಪಾತ್ರೆಗಳಲ್ಲ. ಯಾರೋ ಅದರಲ್ಲಿ ಉಂಡಿದ್ದಾರೆ, ತಳ ಕೆರೆದಿದ್ದಾರೆ, ತೊಳೆದಿಟ್ಟಿದ್ದಾರೆ. ವರ್ಷಗಟ್ಟಲೆ ದುಡಿದ ಪಾತ್ರೆ ಒಂದು ದಿನ, ಒಂದು ಏಟಿಗೆ, ಊಟದ ಲೋಕ ಬಿಟ್ಟು ಬೇರೆ ಲೋಕಕ್ಕೆ ಹೋಗಿದೆ.

ಹಾಗಾದರೆ ಅದನ್ನು ಮ್ಯೂಸಿಯಮ್ಮಿನ ಯಾವ ಕಪಾಟಿನಲ್ಲಿಡಬೇಕು? 'ದಿನಬಳಕೆಯ ವಸ್ತುಗಳು' ಅನ್ನುವ ಗಾಜಿನ ಹಿಂದೆಯೋ, 'ಧಾರ್ಮಿಕ ವಸ್ತುಗಳು' ಅನ್ನುವ ಗಾಜಿನ ಹಿಂದೆಯೋ? ಈ ಎರಡು ಕಪಾಟುಗಳ ಏರ್ಪಾಡೇ ನನಗೆ ಬಹಳ ದಿನದಿಂದ ಕಿರಿಕಿರಿ. ಅದು ನಮ್ಮ ಅನುಕೂಲಕ್ಕೆ ನಾವು ಮಾಡಿಕೊಂಡದ್ದು. ಹಳೆಯ ಕಾಲದ ಜನ ವಸ್ತುಗಳನ್ನು ಹೀಗೆ ಎರಡು ಜಾತಿಯಾಗಿ ಒಡೆದಿಟ್ಟುಕೊಂಡಿದ್ದರು ಅನ್ನುವುದಕ್ಕಿಂತ, ಒಂದೇ ವಸ್ತುವನ್ನು ಆ ಕಡೆಯಿಂದ ಈ ಕಡೆಗೆ ದಾಟಿಸುವುದು ಹೇಗೆಂದು ಚೆನ್ನಾಗಿ ತಿಳಿದಿದ್ದರು ಅಂದರೆ ಹೆಚ್ಚು ಸರಿ. ನೋಡಬೇಕಾದ್ದು ಆ ದಾಟಿಸುವ ಕೆಲಸವನ್ನೇ.

ದಾಟಿಸುವುದಕ್ಕೆ ತೂತು ಕೊರೆಯುವುದೊಂದೇ ದಾರಿಯಲ್ಲ. ಹಿಗ್ಗಿಸಬಹುದು. ಈಜಿಪ್ಟಿನಲ್ಲಿ ಫೇರೋಗಳು ಹುಟ್ಟಿಕೊಳ್ಳುವುದಕ್ಕೂ ಮುಂಚಿನ ಸಾಮಾನ್ಯ ಗೋರಿಗಳಲ್ಲಿ ಕಲ್ಲಿನ ಚಪ್ಪಟೆ ಹಲಗೆಗಳು ಸಿಗುತ್ತವೆ. ಕೆಲವು ಮೀನಿನ ಆಕಾರ, ಕೆಲವು ಆಮೆಯದು. ಕಣ್ಣಿಗೆ ಹಚ್ಚುವ ಹಸಿರು, ಕಪ್ಪು ಬಣ್ಣ ಅರೆಯುವುದಕ್ಕೆ. ಹಸಿರಿಗೆ ಮ್ಯಾಲಕೈಟ್, ಕಪ್ಪಿಗೆ ಗೆಲೀನಾ ಅನ್ನುವ ಸೀಸದ ಅದಿರು. ಅಂಗೈಯಲ್ಲಿ ಹಿಡಿಯುವಂಥವೂ ಉಂಟು. ಇದೇ ಕಾಡಿಗೆ ಹಲಗೆಯನ್ನು ಸುಮಾರು ಕ್ರಿ.ಪೂ. 3100ರ ಹೊತ್ತಿಗೆ 64 ಸೆಂಟಿಮೀಟರಿಗೆ ಬೆಳೆಸಿ, ಎರಡೂ ಮುಖಕ್ಕೆ ನಾರ್ಮರ್ ಎಂಬ ರಾಜನ ವಿಜಯವನ್ನು ಕೆತ್ತಿ, ಹೈರಾಕೊನ್ಪೊಲಿಸಿನ ದೇಗುಲಕ್ಕೆ ಒಪ್ಪಿಸಿದರು. 1890ರ ದಶಕದ ಕೊನೆಯಲ್ಲಿ ಅದು ಅಲ್ಲೇ ಸಿಕ್ಕಿತು. ಶತ್ರುವಿನ ಜುಟ್ಟು ಹಿಡಿದು ಗದೆ ಎತ್ತಿದ ರಾಜನ ಚಿತ್ರ ಶಾಲೆಯ ಪುಸ್ತಕದಲ್ಲೆಲ್ಲ ಬರುವುದು ಇದರದ್ದೇ. ಆದರೆ ಪುಸ್ತಕದವರು ಮತ್ತೊಂದು ಮುಖವನ್ನು ಅಷ್ಟಾಗಿ ತೋರಿಸುವುದಿಲ್ಲ. ಅಲ್ಲಿ ಉದ್ದ ಕತ್ತಿನ ಎರಡು ವಿಚಿತ್ರ ಪ್ರಾಣಿಗಳು ಕತ್ತಿಗೆ ಕತ್ತು ಹೆಣೆದುಕೊಂಡು ನಿಂತಿವೆ. ಆ ಹೆಣಿಗೆಯ ನಡುವೆ ಒಂದು ದುಂಡನೆಯ ತಗ್ಗು. ಕಾಡಿಗೆ ಅರೆಯುವ ತಗ್ಗು! ಗಾತ್ರ ಬದಲಾಯಿತು, ಯಜಮಾನ ಬದಲಾದ, ಜಾಗ ಬದಲಾಯಿತು. ತಗ್ಗನ್ನು ಮಾತ್ರ ಬಿಡಲಿಲ್ಲ. ಅದನ್ನು ಬಿಟ್ಟರೆ ಹಲಗೆ ಹಲಗೆಯಾಗಿ ಉಳಿಯುತ್ತಿರಲಿಲ್ಲ.

ಚೀನಾದಲ್ಲೂ ಇದೇ ಕಥೆ. ಒಲೆ ಉರಿಯ ಮೇಲೆ ನೇರ ನಿಲ್ಲಿಸಬಹುದಾದ ಮೂರು ಕಾಲಿನ ಮಣ್ಣಿನ ಅಡುಗೆ ಪಾತ್ರೆ, ಶಾಂಗ್ ಅರಸರ ಕಾಲಕ್ಕೆ ಕಂಚಿನ 'ಡಿಂಗ್' ಆಯಿತು, ಹಿರಿಯರಿಗೆ ಎಡೆಯಿಡುವ ಪಾತ್ರೆಯಾಯಿತು. 1939ರಲ್ಲಿ ಅನ್ಯಾಂಗಿನಲ್ಲಿ ಸಿಕ್ಕ ನಾಲ್ಕು ಕಾಲಿನ ಚೌಕ ಡಿಂಗ್ ಒಂದರ ತೂಕ 832.84 ಕಿಲೊ. ಅಷ್ಟು ತೂಕದ ಪಾತ್ರೆಯನ್ನು ಒಲೆಯಿಂದ ಇಳಿಸುವವರು ಯಾರು? ಯಾರೂ ಇಲ್ಲ, ಅದೇ ಅದರ ಗತ್ತು.

ಹಿಗ್ಗಿಸುವುದು ರಾಜರ ದಾರಿ. ಅದಕ್ಕಿಂತ ಸೂಕ್ಷ್ಮವಾದದ್ದು ಬೇಕೆಂದೇ ಕೆಲಸಕ್ಕೆ ಬಾರದಂತೆ ಮಾಡುವುದು. ಪ್ರಾಚೀನ ಚೀನಾದ ವಿಧಿಗಳನ್ನು ಕೂಡಿಸಿಟ್ಟ 'ಲೀಜಿ'ಯಲ್ಲಿ ಸತ್ತವರ ಜೊತೆ ಇಡುವ ವಸ್ತುಗಳ ಬಗ್ಗೆ ಕನ್‌ಫ್ಯೂಷಿಯಸ್ ಹೇಳಿದ್ದೆಂದು ಒಂದು ಮಾತು ಬರುತ್ತದೆ. ತಾತ್ಪರ್ಯ ಇಷ್ಟು: ಸತ್ತವರನ್ನು ಪೂರ್ತಿ ಸತ್ತವರೆಂದೇ ನಡೆಸಿಕೊಂಡರೆ ಅದು ಪ್ರೀತಿಯಿಲ್ಲದವರ ಕೆಲಸ, ಬದುಕಿರುವವರೆಂದೇ ನಡೆಸಿಕೊಂಡರೆ ಅದು ತಿಳಿವಳಿಕೆಯಿಲ್ಲದವರ ಕೆಲಸ. ಎರಡೂ ಆಗಬಾರದು. ಆದ್ದರಿಂದ ಬಿದಿರಿನ ಪಾತ್ರೆ ಇಡು, ಬಳಸಲು ಬಾರದಂತಿರಲಿ. ವಾದ್ಯಕ್ಕೆ ತಂತಿ ಕಟ್ಟು, ಶ್ರುತಿ ಮಾಡಬೇಡ. ಕೊಳಲಿಡು, ಸ್ವರ ಕೂಡಿಸಬೇಡ. ಗಂಟೆ ಇಡು, ಅದನ್ನು ತೂಗುಹಾಕುವ ಚೌಕಟ್ಟು ಇಡಬೇಡ.

ಶ್ರುತಿ ಮಾಡದ ತಂತಿ! ಸಾವಿನ ಬಗ್ಗೆ ಪುಟಗಟ್ಟಲೆ ತತ್ವ ಬರೆದವರು ಇದ್ದಾರೆ. ಅವರಲ್ಲಿ ಎಷ್ಟು ಜನ ಈ ಒಂದು ಸೂಚನೆಯ ಹತ್ತಿರ ಬಂದಿದ್ದಾರೋ ಗೊತ್ತಿಲ್ಲ. ಅಪ್ಪ ಇನ್ನು ನುಡಿಸುವುದಿಲ್ಲ ಅಂತ ಮಗನಿಗೆ ಗೊತ್ತು. ಆದರೂ ವಾದ್ಯವಿಲ್ಲದೆ ಕಳಿಸಲು ಮನಸ್ಸು ಬಾರದು. ಆ ಎರಡರ ನಡುವಿನ ಜಾಗವನ್ನು ಒಂದು ಸಡಿಲ ತಂತಿಯಲ್ಲಿ ಹಿಡಿದಿಟ್ಟಿದ್ದಾರೆ.

ಗ್ರೀಕರ ದಾರಿ ಸ್ವಲ್ಪ ಲೆಕ್ಕಾಚಾರದ್ದು. ಕ್ರಿ.ಪೂ. ಐದನೆಯ ಶತಮಾನದ ಅಥೆನ್ಸಿನಲ್ಲಿ ಗೋರಿಗೆ ಎಣ್ಣೆ ಒಪ್ಪಿಸಲು ಲೆಕಿಥಾಸ್ ಎನ್ನುವ ನೀಳ ಕತ್ತಿನ ಕುಪ್ಪಿಗಳಿದ್ದವು. ಬಿಳಿ ಹಿನ್ನೆಲೆಯ ಮೇಲೆ ಬೀಳ್ಕೊಡುಗೆಯ ಚಿತ್ರಗಳು, ಗೋರಿಯ ಕಲ್ಲಿಗೆ ಪಟ್ಟಿ ಕಟ್ಟುವ ಹೆಂಗಸರು, ನೋಡಿದರೆ ಗಂಟಲು ಕಟ್ಟುತ್ತದೆ. ಇಂಥ ಕೆಲವು ಕುಪ್ಪಿಗಳ ಒಳಗೆ, ಕತ್ತಿಗೆ ಅಂಟಿದಂತೆ, ಇನ್ನೊಂದು ಪುಟ್ಟ ಕುಡಿಕೆ ಇದೆ. ಆ ಕುಡಿಕೆ ತುಂಬಿದರೆ ಸಾಕು, ಬಾಯಿವರೆಗೆ ಎಣ್ಣೆ ಕಾಣುತ್ತದೆ, ಕುಪ್ಪಿ ತುಂಬಿದಂತೆಯೇ ಲೆಕ್ಕ. ಉಳಿದ ಹೊಟ್ಟೆ ಖಾಲಿ. ಎಣ್ಣೆ ದುಬಾರಿ. ಇದನ್ನು ಕಪಟ ಅನ್ನಲು ನನಗೆ ಮನಸ್ಸಿಲ್ಲ. ಸತ್ತವರಿಗೆ ಎಣ್ಣೆಯ ಪ್ರಮಾಣಕ್ಕಿಂತ ಕುಪ್ಪಿ ತುಂಬಿ ತಂದಿದ್ದಾರೆ ಅನ್ನುವ ನೋಟ ಮುಖ್ಯ ಅಂತ ಅವರು ತೀರ್ಮಾನಿಸಿರಬೇಕು. ಅಥವಾ ಕುಂಬಾರನಿಗೆ ಗಿರಾಕಿಗಳ ಕೈ ಎಷ್ಟು ಗಿಡ್ಡ ಅಂತ ಗೊತ್ತಿರಬೇಕು.

ಇಲ್ಲಿಯವರೆಗೆ ಹೇಳಿದ್ದರಿಂದ ಒಂದು ಸೂತ್ರ ಸಿಕ್ಕಿಬಿಟ್ಟಿತು ಅನಿಸಬಹುದು: ವಸ್ತುವಿನಿಂದ ಉಪಯೋಗ ಕಳೆದರೆ ಅದು ಪವಿತ್ರ. ಬಟ್ಟಲಿಗೆ ತೂತು, ತಂತಿಗೆ ಶ್ರುತಿಯಿಲ್ಲ, ಕುಪ್ಪಿಗೆ ಹೊಟ್ಟೆಯಿಲ್ಲ. ಥೇಮ್ಸ್ ನದಿಯಲ್ಲಿ 1857ರಲ್ಲಿ ಸಿಕ್ಕ ಬ್ಯಾಟರ್ಸಿ ಗುರಾಣಿಯೂ ಇದೇ ಸಾಲಿಗೆ ಸೇರುತ್ತದೆ, ಅದರ ಕಂಚಿನ ತಗಡು ಯುದ್ಧದ ಏಟು ತಡೆಯುವಷ್ಟು ದಪ್ಪವಿಲ್ಲ. ಸೂತ್ರ ಚೆನ್ನಾಗಿದೆ. ಆದರೆ ಈಜಿಪ್ಟಿನ ಮನೆಗಳ ಒಳಕ್ಕೆ ಹೋದರೆ ನಿಲ್ಲುವುದಿಲ್ಲ.

ಅಲ್ಲಿನ ಹೆಂಗಸರು ಹೆರುತ್ತಿದ್ದುದು ಇಟ್ಟಿಗೆಗಳ ಮೇಲೆ ಕುಕ್ಕರಗಾಲಲ್ಲಿ ಕುಳಿತು. ಬರಹಗಳಲ್ಲಿ ಇದರ ಪ್ರಸ್ತಾಪ ಇದ್ದರೂ ಇಟ್ಟಿಗೆ ಮಾತ್ರ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ, ಸುಡದ ಮಣ್ಣಿನ ಇಟ್ಟಿಗೆಯನ್ನು ಸುಡದ ಮಣ್ಣಿನ ಗೋಡೆಗಳ ಅವಶೇಷದ ನಡುವೆ ಯಾರು ಗುರುತಿಸುತ್ತಾರೆ? 2001ರಲ್ಲಿ ಅಬಿಡೊಸಿನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಸೆಫ್ ವೆಗ್ನರ್ ಅವರ ತಂಡಕ್ಕೆ ಊರ ಮೇಯರನ ಮನೆಯಲ್ಲಿ ಒಂದು ಸಿಕ್ಕಿತು. ಕಾಲ ಸುಮಾರು ಕ್ರಿ.ಪೂ. 1700. ಉದ್ದ 35 ಸೆಂಟಿಮೀಟರ್, ಅಗಲ ಅದರ ಅರ್ಧ. ಅದರ ಮೇಲೆ ಬಣ್ಣದ ಚಿತ್ರ ಉಳಿದಿದೆ: ಆಗತಾನೆ ಹುಟ್ಟಿದ ಗಂಡುಮಗುವನ್ನು ಹಿಡಿದು ಕುಳಿತ ತಾಯಿ, ಅವಳ ಆಚೆ ಈಚೆ ಹೆಂಗಸರು. ಬದಿಗಳಲ್ಲಿ ಕಾವಲಿನ ದೇವತೆಗಳು. ನೋವು ಏರಿ ಕಣ್ಣು ಕತ್ತಲಿಡುವ ಹೊತ್ತಿನಲ್ಲಿ, ಎಲ್ಲ ಮುಗಿದ ಮೇಲಿನ ಚಿತ್ರ ಕಾಲಡಿಯಲ್ಲೇ ಇದೆ.

ಈ ಇಟ್ಟಿಗೆ ಪವಿತ್ರವಾದದ್ದು ಕೆಲಸ ಬಿಟ್ಟದ್ದರಿಂದಲ್ಲ, ಕೆಲಸ ಮಾಡಿದ್ದರಿಂದ. ಮುಂದೆ 'ಹೊಸ ಸಾಮ್ರಾಜ್ಯ'ದ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಪೂ. 1550ರ ನಂತರ, ಗೋರಿಗಳ ನಾಲ್ಕು ಗೋಡೆಗಳಲ್ಲಿ ನಾಲ್ಕು ಮಂತ್ರದ ಇಟ್ಟಿಗೆಗಳನ್ನಿಟ್ಟರು. ಸತ್ತವನು ಮತ್ತೆ ಹುಟ್ಟಬೇಕು, ಹುಟ್ಟುವುದಕ್ಕೆ ಇಟ್ಟಿಗೆ ಬೇಕು ಎಂಬ ತರ್ಕ ಅದರ ಹಿಂದಿದೆ ಎಂದು ವೆಗ್ನರ್ ಅಂಥವರು ಓದುತ್ತಾರೆ. ನನಗದು ಒಪ್ಪಿಗೆ. ಸೂಲಗಿತ್ತಿಯ ಸಾಮಾನು ಫೇರೋನ ಗೋರಿಗೆ ಬಂದಿದೆ ಅನ್ನುವುದೇ ನನಗೆ ಅದರಲ್ಲಿ ಹೆಚ್ಚು ಇಷ್ಟವಾದ ಸಂಗತಿ.

ಈಜಿಪ್ಟಿನವರ ತಲೆದಿಂಬಿನ ಕಥೆಯೂ ಹೀಗೇ. ನಮ್ಮ ಕಣ್ಣಿಗೆ ಅದು ದಿಂಬೇ ಅಲ್ಲ, ಮರದ ಅಥವಾ ಕಲ್ಲಿನ ಒಂದು ಗಿಡ್ಡ ಕಂಬ, ಮೇಲೆ ಬಾಗಿದ ತಟ್ಟೆ. ನಾಲಗೆ ಚಾಚಿದ ಕುಳ್ಳ ದೇವರು ಬೆಸ್ ಕೆಲವು ದಿಂಬುಗಳ ಮೇಲಿರುತ್ತಾನೆ, ನಿದ್ದೆಯಲ್ಲಿ ಕೆಟ್ಟದ್ದು ಹತ್ತಿರ ಸುಳಿಯದಂತೆ. ಮಲಗುವ ಕೋಣೆಯ ಈ ವಸ್ತು ಮೊದಲು ಗೋರಿಗೆ ಹೋಯಿತು. ಆಮೇಲೆ ಕುಗ್ಗಿ ಬೆರಳುದ್ದದ ತಾಯಿತವಾಯಿತು, ಹೆಚ್ಚಾಗಿ ಹೆಮಟೈಟ್ ಕಲ್ಲಿನದು. ಸತ್ತವರಿಗೆಂದು ಬರೆದ ಮಂತ್ರಗಳ ಸಂಗ್ರಹವಾದ 'ಮೃತರ ಗ್ರಂಥ'ದ 166ನೆಯ ಮಂತ್ರ ತಲೆದಿಂಬಿನದೇ. ತಲೆ ದೇಹದಿಂದ ಬೇರೆಯಾಗದಿರಲಿ ಎಂಬುದು ಅದರ ಆಸೆ. ತುತಂಖಾಮನ್ ಗೋರಿಯಲ್ಲಿ ಚಿನ್ನಕ್ಕೆ ಬರವಿರಲಿಲ್ಲ, ಆದರೆ ಮಮ್ಮಿಯ ತಲೆಯ ಬಳಿ ಇಟ್ಟ ಪುಟ್ಟ ತಲೆದಿಂಬು ಕಬ್ಬಿಣದ್ದು. ಕಬ್ಬಿಣ ಆಗ ಚಿನ್ನಕ್ಕಿಂತ ಅಪರೂಪ.

ಬಟ್ಟಲಿಗೇ ವಾಪಸು ಬರುತ್ತೇನೆ, ಏಕೆಂದರೆ ಬಟ್ಟಲಿನಷ್ಟು ದುಡಿದ ವಸ್ತು ಇನ್ನೊಂದಿಲ್ಲ. ಈಜಿಪ್ಟಿನವರು ಸತ್ತ ಬಂಧುಗಳಿಗೆ ಕಾಗದ ಬರೆಯುತ್ತಿದ್ದರು. ಬರೆಯುತ್ತಿದ್ದುದು ಎಷ್ಟೋ ಸಲ ಮಣ್ಣಿನ ಬಟ್ಟಲಿನ ಮೇಲೆ. ಉಪಾಯ ನೋಡಿ: ಬಟ್ಟಲಲ್ಲಿ ಎಡೆಯಿಟ್ಟರೆ ಉಣ್ಣಲು ಬಂದವರ ಕಣ್ಣಿಗೆ ಅಕ್ಷರ ಬಿದ್ದೇ ಬೀಳುತ್ತದೆ. ಕೌ ಎಂಬಲ್ಲಿ ಸಿಕ್ಕ, ನಾಲ್ಕು ಸಾವಿರ ವರ್ಷಕ್ಕೂ ಹಳೆಯದಾದ ಬಟ್ಟಲೊಂದರ ಒಳಗೂ ಹೊರಗೂ ಶೆಪ್ಸಿ ಎಂಬವನು ಅಪ್ಪನಿಗೊಂದು, ಅಮ್ಮನಿಗೊಂದು ಕಾಗದ ಬರೆದಿದ್ದಾನೆ. ಆಸ್ತಿಯ ವ್ಯಾಜ್ಯ, ಸತ್ತ ಸಹೋದರನಿಂದಲೇ ತನಗೆ ತೊಂದರೆ ಅನ್ನುವ ದೂರು. ನೇರವಾಗಿ ವಿಷಯಕ್ಕೆ ಬರದೆ ಅವನು ಅಮ್ಮನಿಗೆ ಹಳೆಯದೊಂದನ್ನು ನೆನಪಿಸುತ್ತಾನೆ: ನೀನು ಲಾವಕ್ಕಿ ತಿನ್ನಬೇಕು, ತಂದುಕೊಡು ಅಂದಿದ್ದೆ, ನಾನು ಏಳು ತಂದುಕೊಟ್ಟೆ, ನೀನು ತಿಂದೆ. ನಿನ್ನ ಕಣ್ಣೆದುರೇ ನನಗೀಗ ಅನ್ಯಾಯ ಆಗಬೇಕೆ?

ಏಳು ಎಂದು ಎಣಿಸಿ ಬರೆದಿದ್ದಾನೆ. ಅಮ್ಮನ ಮುಂದೆ ಉಪಕಾರದ ಲೆಕ್ಕ ಒಪ್ಪಿಸುವ ಮಗ ಯಾವ ಕಾಲದಲ್ಲಿ ಇರಲಿಲ್ಲ! ಈ ಬಟ್ಟಲನ್ನು ಧಾರ್ಮಿಕ ವಸ್ತು ಅನ್ನಿ, ಊಟದ ಪಾತ್ರೆ ಅನ್ನಿ, ಕೋರ್ಟಿನ ಅರ್ಜಿ ಅನ್ನಿ, ಮೂರೂ ನಿಜವೇ.

ಅದಕ್ಕಿಂತ ಎರಡೂವರೆ ಸಾವಿರ ವರ್ಷಕ್ಕೂ ಈಚೆಗೆ, ಮೆಸೊಪೊಟೇಮಿಯದಲ್ಲಿ, ಸುಮಾರು ಕ್ರಿ.ಶ. ಐದರಿಂದ ಎಂಟನೆಯ ಶತಮಾನದವರೆಗೆ, ಬಟ್ಟಲಿಗೆ ಇನ್ನೊಂದು ಉದ್ಯೋಗ ಸಿಕ್ಕಿತು. ಸಾದಾ ಮಣ್ಣಿನ ಬಟ್ಟಲಿನ ಒಳಗೆ ಅರಾಮಿಕ್ ಭಾಷೆಯ ಮಂತ್ರವನ್ನು ಸುರುಳಿ ಸುರುಳಿಯಾಗಿ ಬರೆದು, ಕೆಲವೊಮ್ಮೆ ನಡುವೆ ಸಂಕೋಲೆ ತೊಟ್ಟ ದೆವ್ವದ ಚಿತ್ರ ಗೀಚಿ, ಹೊಸ್ತಿಲಡಿಯಲ್ಲೋ ಕೋಣೆಯ ಮೂಲೆಯಲ್ಲೋ ಕವುಚಿ ಹೂಳುತ್ತಿದ್ದರು. ದೆವ್ವ ಒಳಗೆ ಸಿಕ್ಕಿಬೀಳಲಿ ಅಂತ. ಅಲ್ಲಿನ ನಿಪ್ಪುರ್ ಎಂಬ ಹಳೆಯ ಊರಿನ ಅಗೆತದಲ್ಲಿ ಇವು ಮನೆ ಮನೆಯಲ್ಲೂ ಸಿಕ್ಕವು. ಚೇಳಿನ ಮೇಲೆ ಬಟ್ಟಲು ಕವುಚಿದ ಹಾಗೆ. ಮುಚ್ಚುವುದು, ಹಿಡಿದಿಡುವುದು ಬಟ್ಟಲಿನ ಮಾಮೂಲಿ ಕೆಲಸ. ಇಲ್ಲಿ ಹಿಡಿದಿಟ್ಟದ್ದು ಬೇರೆ, ಅಷ್ಟೇ.

ಹೀಗಿರುವಾಗ, ಏನೆಂದು ತಿಳಿಯದ ವಸ್ತು ಸಿಕ್ಕಾಗಲೆಲ್ಲ 'ಬಹುಶಃ ಧಾರ್ಮಿಕ ಆಚರಣೆಯದು' ಎಂದು ಚೀಟಿ ಅಂಟಿಸುವ ಅಭ್ಯಾಸ ಸೋಮಾರಿತನ ಅಲ್ಲದೆ ಇನ್ನೇನು? ಪುರಾತತ್ವಜ್ಞರೇ ತಮ್ಮ ಈ ಚಾಳಿಯ ಬಗ್ಗೆ ಜೋಕ್ ಮಾಡಿಕೊಳ್ಳುತ್ತಾರೆ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಐದು ಸಾವಿರ ವರ್ಷ ಹಳೆಯ, ಓಟ್ಸಿ ಎಂದು ಹೆಸರಿಟ್ಟ ಗಂಡಸಿನ ಹೆಣದ ಬಳಿ ತಾಮ್ರದ ಕೊಡಲಿ, ಅರ್ಧಕ್ಕೆ ನಿಂತ ಬಿಲ್ಲು, ಕೆಂಡ ಸಾಗಿಸಲು ಎಲೆ ತುಂಬಿದ ಬರ್ಚ್ ತೊಗಟೆಯ ಡಬ್ಬಿ ಇದ್ದವು. ಅವುಗಳ ಜೊತೆಗೆ ಚರ್ಮದ ಪಟ್ಟಿಗೆ ಪೋಣಿಸಿದ ಎರಡು ತುಂಡು ಬರ್ಚ್ ಅಣಬೆ. ಔಷಧಿಯೋ, ತಾಯಿತವೋ ಎಂದು ವಾದ ನಡೆಯಿತು. ಜ್ವರಕ್ಕೆ ಕಷಾಯ ಕುಡಿಯುವಾಗ ಬಾಯಲ್ಲಿ ದೇವರ ಹೆಸರೂ ಇರುವವನಿಗೆ ಈ ಪ್ರಶ್ನೆಯೇ ಅರ್ಥವಾಗಲಿಕ್ಕಿಲ್ಲ.

ಟರ್ಕಿಯ ಚಾತಲ್‌ಹೊಯುಕ್ ಎಂಬ ಶಿಲಾಯುಗದ ಊರು ಇದಕ್ಕಿಂತ ದೊಡ್ಡ ಪಾಠ. ಅಲ್ಲಿ 1961ರಲ್ಲಿ ಪುರಾತತ್ವಜ್ಞ ಜೇಮ್ಸ್ ಮೆಲ್ಲಾರ್ಟ್ ಅವರಿಗೆ ಎರಡು ಪ್ರಾಣಿಗಳ ನಡುವೆ ಕುಳಿತ ದಪ್ಪ ಹೆಂಗಸಿನ ಮಣ್ಣಿನ ಗೊಂಬೆ ಸಿಕ್ಕಾಗ ಅವಳನ್ನು ಮಹಾಮಾತೆ ಎಂದರು. ಅವಳು ಸಿಕ್ಕಿದ್ದು ಕಾಳಿನ ಕಣಜದಲ್ಲಿ. 1993ರಿಂದ ಇಯಾನ್ ಹಾಡರ್ ಅವರ ತಂಡ ಮತ್ತೆ ಅಗೆದಾಗ ಸಣ್ಣ ಗೊಂಬೆಗಳು ಸಾಲು ಸಾಲಾಗಿ ಬಂದವು, ಬಹುಪಾಲು ಪ್ರಾಣಿಗಳವು, ಬೆರಳಲ್ಲಿ ಚಕಚಕನೆ ಹಿಸುಕಿ ಮಾಡಿದವು. ಸಿಕ್ಕ ಜಾಗವೂ ಗುಡಿಯಲ್ಲ, ಹೆಚ್ಚಿನವು ತಿಪ್ಪೆಯಲ್ಲಿ. ಬಿಸಾಡಿದ್ದರಿಂದ ಪವಿತ್ರವಲ್ಲ ಅನ್ನಬೇಕಾಗಿಲ್ಲ, ಹರಕೆ ಮುಗಿದ ಮೇಲೆ ಗೊಂಬೆಯ ಕೆಲಸವೂ ಮುಗಿದಿರಬಹುದು. ಆದರೆ ಪೀಠದ ಮೇಲೆ ಕೂರಿಸಿ ಪೂಜಿಸಿದ ದೇವಿ ಎಂಬ ಚಿತ್ರ ಮಾತ್ರ ತಿಪ್ಪೆಯ ಜೊತೆ ಹೊಂದುವುದಿಲ್ಲ.

ವಸ್ತುವಿನ ಮೈಮೇಲಿನ ಸವೆತವನ್ನೇ ಮೊದಲು ಕೇಳಬೇಕು, ಆಕಾರವನ್ನು ಆಮೇಲೆ. ರೋಮನ್ ಸಾಮ್ರಾಜ್ಯದ ಉತ್ತರ ಭಾಗಗಳಲ್ಲಿ ಸಿಗುವ ಹನ್ನೆರಡು ಮುಖದ ಟೊಳ್ಳು ಕಂಚಿನ ವಸ್ತುಗಳ ವಿಷಯದಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ನೂರಕ್ಕೂ ಹೆಚ್ಚು ಸಿಕ್ಕಿವೆ, ಒಂದೇ ಒಂದು ರೋಮನ್ ಬರಹದಲ್ಲಿ ಅದರ ಸುದ್ದಿಯಿಲ್ಲ. ದೂರ ಅಳೆಯುವ ಸಾಧನ, ಕೈಗವಸು ಹೆಣೆಯುವ ಅಚ್ಚು, ಮೇಣದಬತ್ತಿಯ ಕಂಬ, ಊಹೆಗಳಿಗೆ ಕೊರತೆಯಿಲ್ಲ. 2023ರಲ್ಲಿ ಇಂಗ್ಲೆಂಡಿನ ನಾರ್ಟನ್ ಡಿಸ್ನಿ ಹಳ್ಳಿಯಲ್ಲಿ ಸಿಕ್ಕಿದ್ದು 254 ಗ್ರಾಂ ತೂಗುತ್ತದೆ, ಎಲ್ಲೂ ಮುಕ್ಕಾಗಿಲ್ಲ, ಸವೆದಿಲ್ಲ. ಇವುಗಳಲ್ಲಿ ಒಂದರ ಅಳತೆ ಇನ್ನೊಂದಕ್ಕಿಲ್ಲ. ಸವೆಯದ, ಅಳತೆ ಕೂಡದ ವಸ್ತು ಉಪಕರಣವಾಗುವುದು ಕಷ್ಟ. ಇಲ್ಲಿ 'ಆಚರಣೆಯದು' ಎಂಬ ಚೀಟಿಗೆ ಆಧಾರವಾದರೂ ಇದೆ.

ಇನ್ನೊಂದು ತೊಡಕು, ಇದನ್ನು ಹೇಳದಿದ್ದರೆ ಉಳಿದದ್ದೆಲ್ಲ ಅರ್ಧ ಮಾತು. ನಮಗೆ ಇಡಿಯಾಗಿ ಸಿಗುವುದು ಬೇಕೆಂದೇ ಹೂತದ್ದು. ಮನೆಯಲ್ಲಿದ್ದದ್ದು ಒಡೆಯುವವರೆಗೆ ದುಡಿದು ಚೂರಾಗಿ ತಿಪ್ಪೆ ಸೇರಿತು. ಬುಟ್ಟಿ, ಬಟ್ಟೆ, ಹಗ್ಗ, ಮರದ ಸೌಟು ಕೊಳೆತುಹೋದವು. ಹಾಗಾಗಿ ಪ್ರಾಚೀನರು ಮೂರು ಹೊತ್ತೂ ಪೂಜೆಯಲ್ಲೇ ಇದ್ದವರಂತೆ ಕಾಣುತ್ತಾರೆ. ಮನೆ ಮನೆಯಾಗಿಯೇ ಉಳಿಯಬೇಕಾದರೆ ಅನಾಹುತವೇ ಆಗಬೇಕು. ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಉಗುಳಿದಾಗ ಹರ್ಕ್ಯುಲೇನಿಯಮ್ ಪಟ್ಟಣದಲ್ಲಿ ಕರಕಲಾದ ಬ್ರೆಡ್ಡೊಂದರ ಮೇಲೆ ಸೆಲೆರ್ ಎಂಬ ಗುಲಾಮನ ಹೆಸರಿನ ಮುದ್ರೆ ಈಗಲೂ ಓದಲು ಬರುತ್ತದೆ. ಇಂಗ್ಲೆಂಡಿನ ಮಸ್ಟ್ ಫಾರ್ಮಿನಲ್ಲಿ ಸುಮಾರು ಕ್ರಿ.ಪೂ. 850ರಲ್ಲಿ ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಮನೆಗಳು ಹೊತ್ತಿ ಉರಿದು ಕೆಸರಿಗೆ ಬಿದ್ದವು. ಅಲ್ಲಿ ಸಿಕ್ಕ ಒಂದು ಪಾತ್ರೆಯಲ್ಲಿ ಅಡುಗೆ ಹಾಗೇ ಇತ್ತು, ಅದರೊಳಗೆ ಸಿಕ್ಕಿಸಿದ ಮರದ ಸೌಟಿನ ಸಮೇತ.

ಅನಾಹುತವಾಗದ ಕಡೆ ಏನು ಮಾಡುವುದು? ಅಲ್ಲಿ ಪೂಜೆಯ ವಸ್ತುವನ್ನೇ ಕೇಳಬೇಕು. ಇಂಗ್ಲೆಂಡಿನ ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಯಲ್ಲಿ, 1979-80ರ ಅಗೆತದಲ್ಲಿ, ಸುಲಿಸ್ ಮಿನರ್ವಾ ದೇವಿಗೆ ರೋಮನ್ನರ ಕಾಲದಲ್ಲಿ ಬರೆದ ಸುಮಾರು 130 ಸೀಸದ ತಗಡುಗಳು ಸಿಕ್ಕವು. ಬರೆದು, ಸುತ್ತಿ, ನೀರಿಗೆ ಎಸೆದವು. ಹೆಚ್ಚುಕಡಿಮೆ ಎಲ್ಲವೂ ಕಳ್ಳರ ಮೇಲಿನ ಶಾಪ. ಕಳುವಾದದ್ದು ಏನು? ಸ್ನಾನದ ಅಂಗಿ, ಚೀಲದಲ್ಲಿದ್ದ ಬೆಳ್ಳಿ ನಾಣ್ಯ, ಕೈಗವಸು. ಡೊಸಿಲಿಯಾನಸ್ ಎಂಬವನ ಟೊಪ್ಪಿಗೆಯ ಮೇಲಂಗಿ ಹೋಗಿತ್ತು. ಕದ್ದವನು ಗಂಡಾಗಲಿ ಹೆಣ್ಣಾಗಲಿ, ಗುಲಾಮನಾಗಲಿ ಸ್ವತಂತ್ರನಾಗಲಿ, ಮೇಲಂಗಿಯನ್ನು ಗುಡಿಗೆ ತಂದೊಪ್ಪಿಸುವ ತನಕ ಅವನಿಗೆ ನಿದ್ದೆಯೂ ಬೇಡ ಮಕ್ಕಳೂ ಬೇಡ ಎಂದು ವಕೀಲರ ಎಚ್ಚರದಲ್ಲಿ ಬರೆದಿದ್ದಾನೆ. ಆ ಉಣ್ಣೆಯೆಲ್ಲ ಯಾವಾಗಲೋ ಮಣ್ಣಾಗಿದೆ. ಹೆಸರು ಉಳಿದದ್ದು ದೇವಿಗೆ ಹೋದ ಸೀಸದ ಮೇಲೆ. ಆ ಕಾಲದ ಬ್ರಿಟನ್ನಿನ ಸಾಮಾನ್ಯರು ಏನು ತೊಡುತ್ತಿದ್ದರು, ಯಾವುದು ಹೋದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು ಎಂದು ಅವರದೇ ಮಾತಿನಲ್ಲಿ ಕೇಳಬೇಕಾದರೆ ಈ ಶಾಪಗಳಿಗೇ ಕಿವಿ ಕೊಡಬೇಕು.

ಅವರಲ್ಲಿ ಡೊಸಿಮೆಡಿಸ್ ಎಂಬವನು ಎರಡು ಕೈಗವಸು ಕಳೆದುಕೊಂಡಿದ್ದ. ಕದ್ದವನ ಬುದ್ಧಿಯೂ ಹೋಗಲಿ, ಕಣ್ಣುಗಳೂ ಹೋಗಲಿ ಎಂದು ದೇವಿಯನ್ನು ಕೇಳಿಕೊಂಡ. ಒಂದು ಜೊತೆ ಕೈಗವಸಿಗೆ ಇದು ದುಬಾರಿ ದರವೇ.